ಮುಪ್ಪಿನ ಕಳವಳಕ್ಕೂ ಮದ್ದುಂಟು



ನಿಮ್ಮ ಮನೆಯಲ್ಲಿ ವಯಸ್ಸಾದ ತಂದೆ, ತಾಯಿ, ಅತ್ತೆ, ಮಾವ ಯಾರಾದರೂ ಇದ್ದರೆ ಮುಂದಿನ ಮಾತುಗಳು ನಿಮಗೆ ಹೊಸವಾಗಿರಲಾರವು. "ಬಾಗಿಲಿಗೆ ಚಿಲಕ ಹಾಕಿದ್ದೀಯಾ?" ಎಂಬ ಪ್ರಶ್ನೆ ರಾತ್ರಿ ನಾಲ್ಕು ಸಲ. ದೂರದ ಊರಿನಲ್ಲಿರುವ ಮಗನ ಫೋನು ಹತ್ತು ನಿಮಿಷ ತಡವಾದರೆ ಎದೆ ಢವಢವ. ಮೊಮ್ಮಗಳು ಕಾಲೇಜಿನಿಂದ ಬರುವವರೆಗೆ ಬಾಗಿಲು ಬಿಟ್ಟು ಕದಲುವುದಿಲ್ಲ. "ಜೀವಕ್ಕೆ ಸಮಾಧಾನವೇ ಇಲ್ಲ ಕಣಮ್ಮ" ಎಂಬ ನಿಟ್ಟುಸಿರು.

ಇದಕ್ಕೆ ನಾವು ಸಾಮಾನ್ಯವಾಗಿ ಮೂರು ಉತ್ತರ ಕೊಡುತ್ತೇವೆ. "ವಯಸ್ಸಾಯಿತಲ್ಲ, ಹಾಗೇ ಇರುತ್ತದೆ" ಎಂಬುದು ಒಂದು. "ದೇವರ ಮೇಲೆ ಭಾರ ಹಾಕಿ, ಚಿಂತೆ ಬಿಡಿ" ಎಂಬುದು ಎರಡನೆಯದು. ಎರಡೂ ಫಲಿಸದಿದ್ದಾಗ ಮೆಡಿಕಲ್ ಶಾಪಿನಿಂದ ಒಂದು ಪಟ್ಟಿ ನಿದ್ದೆ ಮಾತ್ರೆ ತಂದುಕೊಡುವುದು ಮೂರನೆಯದು. ಈ ಮೂರೂ ಸರಿಯಾದ ಉತ್ತರಗಳಲ್ಲ. ಬಿಡದೆ ಕಾಡುವ ಆತಂಕ ಮುಪ್ಪಿನ ಸಹಜ ಗುಣವಲ್ಲ, ವಿಶ್ವಾಸದ ಕೊರತೆಯೂ ಅಲ್ಲ. ಅದೊಂದು ಕಾಯಿಲೆ. ಎಪ್ಪತ್ತರಲ್ಲಿಯೂ ಎಂಬತ್ತರಲ್ಲಿಯೂ ಅದಕ್ಕೆ ಚಿಕಿತ್ಸೆಯುಂಟು. ಆ ಚಿಕಿತ್ಸೆ ಯಾವುದು, ಮನೆಯವರ ಪಾಲೇನು ಎಂಬುದನ್ನು ಈ ವಾರ ಅರಿತುಕೊಳ್ಳೋಣ.

ಚಿಂತೆ ಯಾವುದು, ಕಾಯಿಲೆ ಯಾವುದು?

ಚಿಂತೆ ಇಲ್ಲದ ಮನುಷ್ಯನಿಲ್ಲ. ಆಪರೇಷನ್ನಿನ ಹಿಂದಿನ ರಾತ್ರಿ ನಿದ್ದೆ ಬಾರದಿದ್ದರೆ ಅದು ಕಾಯಿಲೆಯಲ್ಲ. ಕಾರಣ ಕಳೆದೊಡನೆ ಅಂಥ ಚಿಂತೆಯೂ ಕಳೆಯುತ್ತದೆ. ಆತಂಕದ ಕಾಯಿಲೆಯಲ್ಲಿ ಹಾಗಾಗುವುದಿಲ್ಲ. ಮಗನ ಫೋನು ಬಂದ ಮೇಲೆ ಮಗಳ ಚಿಂತೆ, ಮಗಳದು ಮುಗಿದ ಮೇಲೆ ಸೂರಿನ ಚಿಂತೆ, ಆಮೇಲೆ ಬ್ಯಾಂಕಿನಲ್ಲಿಟ್ಟ ಹಣದ ಚಿಂತೆ. ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ, ಬಹುಪಾಲು ದಿನಗಳಲ್ಲಿ, ತಡೆಯಲಾಗದಷ್ಟು ಚಿಂತೆ ಕಾಡುತ್ತಿದ್ದರೆ, ಅದರೊಂದಿಗೆ ಚಡಪಡಿಕೆ, ಆಯಾಸ, ಸಿಡುಕು, ಮೈ ಬಿಗಿತ, ನಿದ್ರಾಭಂಗ, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು ಮುಂತಾದವು ಸೇರಿಕೊಂಡಿದ್ದರೆ, ವೈದ್ಯರು ಅದನ್ನು ಕಾಯಿಲೆಯೆಂದು ಪರಿಗಣಿಸುತ್ತಾರೆ.

ಆದರೆ ನಮ್ಮ ಹಿರಿಯರು "ನನಗೆ ಆತಂಕ" ಎಂದು ಹೇಳುವುದು ಅಪರೂಪ. "ಗ್ಯಾಸ್ಟ್ರಿಕ್" ಎನ್ನುತ್ತಾರೆ. "ಎದೆ ಹೊಡೆದುಕೊಳ್ಳುತ್ತದೆ", "ತಲೆ ಸುತ್ತು", "ಕೈಕಾಲಿನಲ್ಲಿ ಶಕ್ತಿಯಿಲ್ಲ", "ಹೊಟ್ಟೆ ತಳಮಳ" ಎನ್ನುತ್ತಾರೆ. ಇ.ಸಿ.ಜಿ. ಸರಿಯಿದೆ, ಸ್ಕ್ಯಾನಿಂಗ್ ಸರಿಯಿದೆ, ಆದರೂ ಸಂಕಟ ಹೋಗದು. ಡಾಕ್ಟರಿಂದ ಡಾಕ್ಟರಿಗೆ ಅಲೆದು ಫೈಲು ದಪ್ಪವಾಗುತ್ತದೆ. ಕೊನೆಗೆ ಮನೆಯವರು "ಏನೂ ಇಲ್ಲವಂತೆ, ಸುಮ್ಮನೆ ನಾಟಕ" ಎಂದುಬಿಡುತ್ತಾರೆ. ಆ ಮಾತು ಹಿರಿಯರ ಮನಸ್ಸಿಗೆ ಬಹಳ ನೋವು ಕೊಡುತ್ತದೆ. ಏಕೆಂದರೆ ಅವರು ಅನುಭವಿಸುತ್ತಿರುವ ಸಂಕಟ ನಿಜವಾದದ್ದೇ.

ಗಮನಿಸಬೇಕಾದ ಇನ್ನೊಂದು ಗುರುತು, ದಿನದಿನಕ್ಕೆ ಕಿರಿದಾಗುವ ಬದುಕು. ಒಮ್ಮೆ ಬಚ್ಚಲಲ್ಲಿ ಜಾರಿದವರು ಬಿದ್ದೇನೆಂಬ ಭಯದಿಂದ ಅಂಗಳಕ್ಕೂ ಇಳಿಯುವುದಿಲ್ಲ. ಜನಜಂಗುಳಿಯಲ್ಲಿ ತಲೆ ಸುತ್ತಿದ ಮೇಲೆ ಭಾನುವಾರದ ಬಲಿಪೂಜೆಗೆ ಬರುವುದು ನಿಲ್ಲುತ್ತದೆ. ಹಬ್ಬ, ಮದುವೆ, ನೆಂಟರ ಮನೆ ಒಂದೊಂದಾಗಿ ಬಿಟ್ಟುಹೋಗುತ್ತವೆ. ನಾವು ಅದನ್ನು "ವಿಶ್ರಾಂತಿ" ಎಂದು ಭಾವಿಸುತ್ತೇವೆ.

ವಿಶ್ವಾಸ ಕಡಿಮೆಯಾಗಿದೆಯೇ?

ಕ್ರೈಸ್ತ ಕುಟುಂಬಗಳ ಹಿರಿಯರನ್ನು ವಿಶೇಷವಾಗಿ ಚುಚ್ಚುವ ಪ್ರಶ್ನೆಯಿದು. "ಇಷ್ಟು ವರ್ಷ ಜಪ ಮಾಡಿದೆ, ಆದರೂ ಭಯಪಡುತ್ತೇನೆ, ನನ್ನ ವಿಶ್ವಾಸವೇ ಸುಳ್ಳೇನೋ" ಎಂದು ಒಳಗೊಳಗೇ ಕೊರಗುತ್ತಾರೆ. ಭಯದ ಮೇಲೆ ಅಪರಾಧ ಭಾವನೆಯೂ ಸೇರಿ ಹೊರೆ ಎರಡಾಗುತ್ತದೆ.

ಗೆತ್ಸೆಮನೆಯ ತೋಪಿನಲ್ಲಿ ಪ್ರಭು ಯೇಸು ಪಟ್ಟ ಮನೋವೇದನೆಯನ್ನು ನೆನೆಯಿರಿ. ಅದು ಅವರ ದೇಹದಲ್ಲಿ ಬೆವರಾಗಿ ಹರಿಯಿತೆಂದು ಸಂತ ಲೂಕರು ಬರೆದಿದ್ದಾರೆ. ಕಳವಳಪಡುವುದೇ ಪಾಪವಾಗಿದ್ದರೆ ಈ ಘಟನೆಗೆ ಶುಭಸಂದೇಶದಲ್ಲಿ ಸ್ಥಳವಿರುತ್ತಿರಲಿಲ್ಲ. ಇನ್ನು ವೈದ್ಯರ ಬಳಿಗೆ ಹೋಗುವುದು ದೇವರನ್ನು ನಂಬದಿರುವುದಕ್ಕೆ ಸಮವಲ್ಲವೇ ಎಂದು ಕೇಳುವವರು ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ಓದಬೇಕು. ವೈದ್ಯನನ್ನೂ ನೆಲದಲ್ಲಿ ಬೆಳೆಯುವ ಮದ್ದನ್ನೂ ಕೊಟ್ಟವನು ದೇವರೇ ಎಂಬುದು ಅದರ ಬೋಧನೆ. ಪ್ರಾರ್ಥನೆ ಮತ್ತು ವೈದ್ಯ ಇಬ್ಬರಿಗೂ ಅಲ್ಲಿ ಎಡೆಯಿದೆ.

ಕೆಲವರಲ್ಲಿ ಆತಂಕ ಧರ್ಮದ ವೇಷವನ್ನೇ ತೊಟ್ಟು ಬರುತ್ತದೆ. ಐವತ್ತು ವರ್ಷದ ಹಿಂದಿನ ಪಾಪವನ್ನು ಮತ್ತೆ ಮತ್ತೆ ನಿವೇದಿಸುತ್ತಾರೆ. ಜಪಸರದಲ್ಲಿ ಒಂದು ಮಣಿ ತಪ್ಪಿತೆಂದು ಮೊದಲಿನಿಂದ ಆರಂಭಿಸುತ್ತಾರೆ. ಲೊಯೋಲದ ಸಂತ ಇಗ್ನೇಷಿಯಸ್ ಇದೇ ಸಂಕಟವನ್ನು 1522ರಲ್ಲಿ ಸ್ಪೇನಿನ ಮನ್ರೇಸದಲ್ಲಿ ಅನುಭವಿಸಿದರು. ಎಷ್ಟು ಸಲ ನಿವೇದಿಸಿದರೂ ನೆಮ್ಮದಿ ಸಿಗಲಿಲ್ಲ. ಹಳೆಯ ಪಾಪಗಳನ್ನು ಇನ್ನು ನಿವೇದಿಸುವುದಿಲ್ಲವೆಂದು ನಿರ್ಧರಿಸಿದ ಮೇಲೆಯೇ ಅವರಿಗೆ ಬಿಡುಗಡೆ ಸಿಕ್ಕಿತು. ಇಂಥವರು ಪದೇ ಪದೇ ಗುರುಗಳನ್ನು ಬದಲಿಸದೆ ಒಬ್ಬರೇ ಗುರುಗಳ ಮಾತಿಗೆ ಬದ್ಧರಾಗಿರಬೇಕು. ಜೊತೆಗೆ ವೈದ್ಯರನ್ನೂ ಕಾಣಬೇಕು.

ಮೊದಲು ದೇಹದ ತಪಾಸಣೆ

ಎಲ್ಲವನ್ನೂ "ಮನಸ್ಸಿನದು" ಎಂದು ತೀರ್ಮಾನಿಸುವುದೂ ತಪ್ಪು. ಥೈರಾಯ್ಡ್ ಹೆಚ್ಚಾದರೆ ಎದೆ ಬಡಿತ, ಕೈ ನಡುಕ, ಚಡಪಡಿಕೆ ಬರುತ್ತವೆ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಅಂಶ ಇಳಿದಾಗ ಬೆವರು, ದಿಗಿಲು ಉಂಟಾಗುತ್ತವೆ. ರಕ್ತಹೀನತೆ, ಹೃದಯ ಬಡಿತದ ಏರುಪೇರು, ಉಬ್ಬಸ ಇವೂ ಆತಂಕದಂತೆಯೇ ತೋರಬಹುದು. ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್, ಥಿಯೋಫಿಲಿನ್, ಸ್ಟಿರಾಯ್ಡ್ ಮಾತ್ರೆಗಳು, ಅಳತೆ ಮೀರಿದ ಥೈರಾಯ್ಡ್ ಮಾತ್ರೆ, ಕೆಲವು ನೆಗಡಿ ಮಾತ್ರೆಗಳು, ದಿನಕ್ಕೆ ಐದಾರು ಲೋಟ ಕಾಫಿ ಇವೂ ಕಾರಣವಾಗಬಹುದು. ಆದ್ದರಿಂದ ವೈದ್ಯರ ಬಳಿ ಹೋಗುವಾಗ ಹಿರಿಯರು ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿರಿ. ನಾಟಿ ಮದ್ದು, ಪಕ್ಕದ ಮನೆಯವರು ಕೊಟ್ಟ ಮಾತ್ರೆಗಳನ್ನೂ ಬಿಡಬೇಡಿ.

ಮರೆವಿನ ಕಾಯಿಲೆಯ ಆರಂಭದಲ್ಲಿಯೂ ಖಿನ್ನತೆಯಲ್ಲಿಯೂ ಆತಂಕ ಕಾಣಿಸಿಕೊಳ್ಳುತ್ತದೆ. ಎಂದೂ ಇಲ್ಲದ ಆತಂಕ ಇಳಿವಯಸ್ಸಿನಲ್ಲಿ ಹೊಸದಾಗಿ ಬಂದಿದ್ದರೆ ಈ ಪರೀಕ್ಷೆ ಇನ್ನಷ್ಟು ಅಗತ್ಯ. ಹಠಾತ್ತನೆ ಎದೆನೋವು, ಉಸಿರಾಟದ ತೊಂದರೆ, ಒಂದು ಕಡೆಯ ಕೈಕಾಲು ಸೋಲುವುದು, ಇದ್ದಕ್ಕಿದ್ದಂತೆ ಬುದ್ಧಿ ಗೊಂದಲವಾಗುವುದು ಕಂಡರೆ "ಗಾಬರಿ ಅಷ್ಟೆ" ಎನ್ನದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಬೇಕು.

ನಿದ್ದೆ ಮಾತ್ರೆಯೆಂಬ ಸುಲಭದ ದಾರಿ

ಈ ಭಾಗವನ್ನು ದಯವಿಟ್ಟು ಗಮನವಿಟ್ಟು ಓದಿರಿ. ಆಲ್ಪ್ರಜೊಲಾಮ್, ಡಯಾಜೆಪಾಮ್, ಲೊರಾಜೆಪಾಮ್, ಕ್ಲೊನಾಜೆಪಾಮ್ ಎಂಬ ಮಾತ್ರೆಗಳು ನಮ್ಮ ಎಷ್ಟೋ ಮನೆಗಳಲ್ಲಿವೆ. ಗಂಡ ತೀರಿಕೊಂಡಾಗ ಒಂದು ವಾರಕ್ಕೆಂದು ಯಾರೋ ಡಾಕ್ಟರು ಬರೆದುಕೊಟ್ಟಿರುತ್ತಾರೆ. ಆ ಒಂದು ವಾರ ಎಂಟು ವರ್ಷವಾಗಿರುತ್ತದೆ. ಈ ಗುಂಪಿನ ಮೊದಲ ಮಾತ್ರೆ 1960ರಲ್ಲಿಯೂ ಡಯಾಜೆಪಾಮ್ 1963ರಲ್ಲಿಯೂ ಮಾರುಕಟ್ಟೆಗೆ ಬಂದವು. ಅರ್ಧ ಗಂಟೆಯಲ್ಲಿ ನೆಮ್ಮದಿ ಕೊಡುವ ಕಾರಣ ಜನ ಅವನ್ನು ಮೆಚ್ಚಿಕೊಂಡರು. ತೊಂದರೆಯಿರುವುದೂ ಅಲ್ಲಿಯೇ. ನೆಮ್ಮದಿ ಬೇಗ ಬರುತ್ತದೆ, ಬೇಗ ಹೋಗುತ್ತದೆ, ಮತ್ತೊಂದು ಮಾತ್ರೆ ಬೇಡುತ್ತದೆ. ಕೆಲವು ವಾರಗಳಲ್ಲೇ ದೇಹ ಅದಕ್ಕೆ ಒಗ್ಗಿಹೋಗಬಹುದು.

ಹಿರಿಯರಿಗೆ ಇದರ ಅಪಾಯ ಹೆಚ್ಚು. ಡಯಾಜೆಪಾಮ್ ಯುವಕರ ದೇಹಕ್ಕಿಂತ ಹಿರಿಯರ ದೇಹದಲ್ಲಿ ಹೆಚ್ಚು ಕಾಲ, ಹಲವು ದಿನ ಉಳಿದುಬಿಡುತ್ತದೆ. ರಾತ್ರಿ ಮೂತ್ರಕ್ಕೆಂದು ಎದ್ದಾಗ ಕಾಲು ತಡವರಿಸುತ್ತದೆ. ಬಿದ್ದರೆ ಸೊಂಟದ ಮೂಳೆ ಮುರಿಯುತ್ತದೆ. ಹಗಲು ಮಂಪರು, ಮರೆವು, ಗೊಂದಲ ಹೆಚ್ಚುತ್ತವೆ. ಇದಕ್ಕಾಗಿಯೇ ಅಮೆರಿಕದ ಹಿರಿಯರ ವೈದ್ಯರ ಸಂಘವು 65 ದಾಟಿದವರಿಗೆ ಆದಷ್ಟೂ ಕೊಡಬಾರದ ಔಷಧಿಗಳ ಪಟ್ಟಿಯಲ್ಲಿ ಈ ಗುಂಪನ್ನು ಸೇರಿಸಿದೆ. ನಮ್ಮ ದೇಶದಲ್ಲಿಯೂ 2013ರಲ್ಲಿ ಆಲ್ಪ್ರಜೊಲಾಮ್, ಡಯಾಜೆಪಾಮ್‌ಗಳನ್ನು ಎಚ್-1 ಎಂಬ ಅನುಸೂಚಿಗೆ ಸೇರಿಸಲಾಯಿತು. ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ. ಮಾರಿದ್ದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಪರಿಚಯದ ಅಂಗಡಿಯವರು ಹಾಗೆಯೇ ಕೊಟ್ಟರೆ ಅದು ಉಪಕಾರವಲ್ಲ.

ಇದನ್ನು ಓದಿ ಇವತ್ತೇ ಮಾತ್ರೆಗಳನ್ನು ಕಸದ ಬುಟ್ಟಿಗೆ ಎಸೆಯಬೇಡಿ! ಬಹುಕಾಲ ನುಂಗಿದವರು ಥಟ್ಟನೆ ನಿಲ್ಲಿಸಿದರೆ ಆತಂಕ ಇಮ್ಮಡಿಸುತ್ತದೆ, ನಿದ್ದೆ ಹಾರಿಹೋಗುತ್ತದೆ, ಫಿಟ್ಸ್ ಕೂಡ ಬರಬಹುದು. ವೈದ್ಯರ ಸಲಹೆಯಂತೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಈ ಮಾತ್ರೆಯ ಜೊತೆ ಮದ್ಯ ಸೇರಿದರೆ ಪ್ರಾಣಕ್ಕೇ ಅಪಾಯ ಎಂಬುದನ್ನೂ ತಿಳಿದಿರಿ.

ಸರಿಯಾದ ಚಿಕಿತ್ಸೆ: ಮಾತಿನಿಂದ, ಮದ್ದಿನಿಂದ

ಮೊದಲನೆಯದು ಮಾತಿನ ಚಿಕಿತ್ಸೆ. ಅಮೆರಿಕದ ವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ವಿಧಾನವಿದು. ಇದು ಬರೀ ಸಮಾಧಾನದ ಮಾತಲ್ಲ. ತಲೆಗೆ ಬಂದ ಹೆದರಿಕೆಯನ್ನು ಹಿಡಿದು ನಿಲ್ಲಿಸಿ ಪ್ರಶ್ನಿಸುವುದನ್ನು ಹಿರಿಯರಿಗೆ ಕಲಿಸುತ್ತಾರೆ. "ಫೋನು ಬರಲಿಲ್ಲ, ಅಪಘಾತವಾಗಿದೆ" ಎಂಬ ಯೋಚನೆ ಬಂದಾಗ, "ಕಳೆದ ಸಲ ತಡವಾದಾಗ ಏನಾಗಿತ್ತು? ಬೇರೆ ಕಾರಣ ಇರಬಹುದೇ?" ಎಂದು ತಮ್ಮನ್ನು ತಾವೇ ಕೇಳಿಕೊಳ್ಳುವ ಅಭ್ಯಾಸವಾಗುತ್ತದೆ. ಸಾಮಾನ್ಯವಾಗಿ ವಾರಕ್ಕೊಮ್ಮೆ, ಕೆಲವು ತಿಂಗಳು ನಡೆಯುತ್ತದೆ. "ಮುದುಕರಿಗೆ ಇದೆಲ್ಲ ತಲೆಗೆ ಹತ್ತುವುದಿಲ್ಲ" ಎನ್ನಬೇಡಿ. ಅಮೆರಿಕದ ಹ್ಯೂಸ್ಟನ್ನಿನಲ್ಲಿ 60 ದಾಟಿದ 134 ಮಂದಿಯ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಚಿಕಿತ್ಸೆ ಪಡೆದವರ ಚಿಂತೆಯ ತೀವ್ರತೆ ಇತರರಿಗಿಂತ ಕಡಿಮೆಯಾದದ್ದು ಕಂಡುಬಂತು.

ಇದರ ಮುಖ್ಯ ಅಂಗವೊಂದು, ಹೆದರಿ ಬಿಟ್ಟದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಮರಳಿ ಪಡೆಯುವುದು. ಬಲಿಪೂಜೆಗೆ ಬರುವುದನ್ನು ಬಿಟ್ಟ ಅಜ್ಜಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ:

1. ಮೊದಲ ವಾರ ಮಗಳ ಜೊತೆ ಗೇಟಿನವರೆಗೆ ನಡೆಯುವುದು.
2. ಎರಡನೆಯ ವಾರ ಬೀದಿಯ ಕೊನೆಯವರೆಗೆ ಹೋಗಿಬರುವುದು.
3. ಆಮೇಲೆ ಜನರಿಲ್ಲದ ಸಂಜೆ ದೇವಾಲಯದಲ್ಲಿ ಹತ್ತು ನಿಮಿಷ ಕೂತುಬರುವುದು.
4. ನಂತರ ವಾರದ ದಿನದ ಚಿಕ್ಕ ಬಲಿಪೂಜೆ, ಬಾಗಿಲ ಬಳಿಯ ಬೆಂಚಿನಲ್ಲಿ.
5. ಕೊನೆಗೆ ಭಾನುವಾರದ ಬಲಿಪೂಜೆ.

ಪ್ರತಿ ಮೆಟ್ಟಿಲಿನಲ್ಲಿಯೂ ಎದೆ ಹೊಡೆದುಕೊಳ್ಳುತ್ತದೆ. ಆದರೆ ಅಲ್ಲಿಂದ ಓಡದೆ ನಿಂತರೆ ಅದು ತಾನಾಗಿಯೇ ಇಳಿಯುತ್ತದೆ. ಅದು ಇಳಿಯುವುದನ್ನು ಸ್ವತಃ ಕಾಣುವುದೇ ಮದ್ದು. ಓಡಿ ಮನೆ ಸೇರಿದಷ್ಟೂ ಭಯ ಬೇರು ಬಿಡುತ್ತದೆ.

ಎರಡನೆಯದು ಔಷಧಿ. ಸರ್ಟ್ರಾಲಿನ್, ಎಸಿಟಲೊಪ್ರಾಮ್ ಮುಂತಾದ ಮಾತ್ರೆಗಳನ್ನು ವೈದ್ಯರು ಕೊಡುತ್ತಾರೆ. ಖಿನ್ನತೆಗೂ ಇವೇ ಮಾತ್ರೆಗಳಾದ್ದರಿಂದ ಚೀಟಿ ನೋಡಿ ಗಾಬರಿಯಾಗಬೇಡಿ. ನಿದ್ದೆ ಮಾತ್ರೆಯಂತೆ ಇವು ಹೆಚ್ಚು ಹೆಚ್ಚು ಬೇಕೆನ್ನುವ ಚಟ ಹಿಡಿಸುವುದಿಲ್ಲ. ಆದರೆ ಇವುಗಳ ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸುವುದು, ಚಡಪಡಿಕೆ ಸ್ವಲ್ಪ ಹೆಚ್ಚುವುದು ಉಂಟು. ಬಹಳ ಮಂದಿ ಆಗಲೇ "ಈ ಮಾತ್ರೆ ನನಗೆ ಆಗದು" ಎಂದು ಬಿಟ್ಟುಬಿಡುತ್ತಾರೆ. ಹಿರಿಯರಿಗೆ ಕಡಿಮೆ ಅಳತೆಯಿಂದ ಆರಂಭಿಸಿ ನಿಧಾನವಾಗಿ ಏರಿಸುತ್ತಾರೆ. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ನುಂಗುವವರಿಗೆ ರಕ್ತದಲ್ಲಿ ಸೋಡಿಯಂ ಇಳಿದು ನಿತ್ರಾಣ, ಗೊಂದಲ ಆಗಬಹುದು. ಆಸ್ಪಿರಿನ್, ಮಂಡಿನೋವಿನ ಮಾತ್ರೆಗಳ ಜೊತೆ ರಕ್ತಸ್ರಾವದ ಸಂಭವವುಂಟು. ಇವನ್ನು ವೈದ್ಯರಿಗೆ ಮೊದಲೇ ತಿಳಿಸಿರಿ. ಗುಣವಾದ ಮೇಲೂ ಕೆಲವು ತಿಂಗಳು ಮುಂದುವರಿಸಬೇಕಾಗುತ್ತದೆ. ನಿಲ್ಲಿಸುವುದನ್ನು ವೈದ್ಯರೇ ಹೇಳಬೇಕು.

ಮನೆಯವರ ಪಾಲು

ಪ್ರೀತಿಯಿಂದಲೇ ನಾವು ಮಾಡುವ ಒಂದು ಕೆಲಸ ಆತಂಕವನ್ನು ಬೆಳೆಸುತ್ತದೆ. ಹಿರಿಯರು ಹತ್ತು ಸಲ ಕೇಳಿದರೆ ಹತ್ತು ಸಲವೂ "ಏನೂ ಆಗುವುದಿಲ್ಲ" ಎಂದು ಭರವಸೆ ಕೊಡುತ್ತೇವೆ. ಆ ಭರವಸೆಯೂ ನಿದ್ದೆ ಮಾತ್ರೆಯಂತೆಯೇ. ಐದು ನಿಮಿಷ ಕೆಲಸ ಮಾಡುತ್ತದೆ, ಮತ್ತೆ ಬೇಕಾಗುತ್ತದೆ. ಗದರಿಸುವುದೂ ಪ್ರಯೋಜನವಿಲ್ಲ. ಮಧ್ಯದ ದಾರಿಯೊಂದಿದೆ. "ಅತ್ತೆ, ನಿಮಗೆ ಕಳವಳ ಆಗುತ್ತಿದೆಯೆಂದು ಗೊತ್ತು. ಬಾಗಿಲ ವಿಷಯ ಒಂದು ಸಲ ಹೇಳಿದ್ದೇನೆ. ಬನ್ನಿ, ಸೊಪ್ಪು ಬಿಡಿಸೋಣ" ಎಂದು ಹೇಳಿ ನೋಡಿ. ಸಂಕಟವನ್ನು ಒಪ್ಪಿಕೊಂಡಿರಿ, ಪ್ರಶ್ನೆಯನ್ನು ಮುಂದುವರಿಸಲಿಲ್ಲ, ಕೈಗೆ ಕೆಲಸವನ್ನೂ ಕೊಟ್ಟಿರಿ.

ದೂರದಲ್ಲಿರುವ ಮಕ್ಕಳು ಫೋನಿಗೆ ಒಂದು ಸಮಯ ಗೊತ್ತುಮಾಡಿ ಅದನ್ನು ಪಾಲಿಸಬೇಕು. ದಿನಕ್ಕೆ ಐದು ಅವಸರದ ಕರೆಗಳಿಗಿಂತ ರಾತ್ರಿ ಎಂಟಕ್ಕೆ ಬರುವ ಒಂದು ಕರೆ ಮೇಲು. ಚಿಂತೆಗೂ ಒಂದು ಹೊತ್ತು ಗೊತ್ತುಮಾಡಬಹುದು. ಸಂಜೆ ನಾಲ್ಕರಿಂದ ನಾಲ್ಕೂವರೆಗೆ ಹಿರಿಯರು ಒಂದು ನೋಟ್‌ಬುಕ್ಕಿನಲ್ಲಿ ತಮ್ಮ ಚಿಂತೆಗಳನ್ನು ಬರೆಯಲಿ. ಒಂದು ಕಡೆ ತಾವು ಏನಾದರೂ ಮಾಡಬಹುದಾದವು, ಇನ್ನೊಂದು ಕಡೆ ತಮ್ಮ ಕೈಯಲ್ಲಿ ಇಲ್ಲದವು. ಬೇರೆ ಹೊತ್ತಿನಲ್ಲಿ ಬಂದ ಚಿಂತೆಗೆ "ನಾಲ್ಕು ಗಂಟೆಗೆ ಬಾ" ಎನ್ನಲಿ. ಮಧ್ಯಾಹ್ನದ ಮೇಲೆ ಕಾಫಿ ಬೇಡ. ಬೆಳಗಿನ ಬಿಸಿಲಿನಲ್ಲಿ ನಡಿಗೆ ಇರಲಿ. ಮಲಗುವ ಮುನ್ನ ಟಿ.ವಿ.ಯ ಅಪಘಾತದ ಸುದ್ದಿ ಬೇಡ. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಒಂದು ಸರಳು, ರಾತ್ರಿಗೊಂದು ಸಣ್ಣ ದೀಪ ಹಾಕಿಸಿದರೆ ಬೀಳುವ ಭಯಕ್ಕೆ ಅರ್ಧ ಪರಿಹಾರ ಸಿಕ್ಕಂತೆ.

ಎಲ್ಲಕ್ಕಿಂತ ಮುಖ್ಯವಾಗಿ, "ನಾನು ಬದುಕಿ ಏನು ಪ್ರಯೋಜನ" ಎಂಬ ಮಾತು ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಅಂದೇ ವೈದ್ಯರನ್ನು ಕಾಣಿರಿ.

ಜಪಸರ ಮತ್ತು ಅಭ್ಯಂಗ

2001ರಲ್ಲಿ ಇಟಲಿಯ ವೈದ್ಯರು 23 ಆರೋಗ್ಯವಂತರಿಂದ ಲತೀನ್ ಭಾಷೆಯಲ್ಲಿ ನಮೋ ಮರಿಯ ಜಪವನ್ನು ಹೇಳಿಸಿ ಪರೀಕ್ಷಿಸಿದರು. ಅವರ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಮಂತ್ರ ಹೇಳಿದಾಗಲೂ ಹಾಗೆಯೇ ಆಯಿತು. ಉಸಿರು ನಿಧಾನವಾದರೆ ದೇಹ ಶಾಂತವಾಗುತ್ತದೆ. ಆದ್ದರಿಂದ ಸಂಜೆಯ ಜಪಸರವನ್ನು ಅವಸರವಿಲ್ಲದೆ, ಕುಟುಂಬವೆಲ್ಲ ಸೇರಿ ಹೇಳುವುದು ಹಿರಿಯರಿಗೆ ಹಿತ. ಜಪ ಚಿಕಿತ್ಸೆಯ ಜೊತೆಗಿರಲಿ, ಚಿಕಿತ್ಸೆಯ ಬದಲಿಗಲ್ಲ.

ಗುರುಗಳು ಎಣ್ಣೆ ತಂದರೆಂದರೆ ಸಾವು ಬಂತೆಂದು ನಡುಗುವ ಹಿರಿಯರಿದ್ದಾರೆ. "ಅಂತ್ಯ ಅಭ್ಯಂಗ" ಎಂಬ ಹಳೆಯ ಹೆಸರೇ ಈ ಭಯಕ್ಕೆ ಕಾರಣ. ಅದು ಸಾಯುವ ಗಳಿಗೆಗೆ ಮಾತ್ರ ಮೀಸಲಲ್ಲ, ರೋಗಿಗಳ ಅಭ್ಯಂಗವೆಂದು ಕರೆಯುವುದೇ ಹೆಚ್ಚು ಸರಿ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ತಿಳಿಸಿತು. ಮುಪ್ಪಿನಿಂದ ಬಲಗುಂದಿದವರೂ ಅದನ್ನು ಪಡೆಯಬಹುದು. ಮನೆಯವರು ಇದನ್ನು ಮುಂಚಿತವಾಗಿ ವಿವರಿಸಿದರೆ ಭಯದ ಸ್ಥಳದಲ್ಲಿ ಸಾಂತ್ವನ ಸಿಗುತ್ತದೆ.

ಎಲ್ಲಿಗೆ ಹೋಗಬೇಕು?

ಮೊದಲು ನಿಮ್ಮ ಕುಟುಂಬ ವೈದ್ಯರ ಬಳಿಗೆ. ಅಗತ್ಯವಿದ್ದರೆ ಅವರು ಮನೋವೈದ್ಯರಿಗೆ ಕಳುಹಿಸುತ್ತಾರೆ. "ಹುಚ್ಚರ ಡಾಕ್ಟರು" ಎಂಬ ಮಾತನ್ನು ನಮ್ಮ ಮನೆಗಳಿಂದ ಹೊರಹಾಕೋಣ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗವಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೊದಲ ಪ್ರಯೋಗ ನಡೆದದ್ದೇ 1985ರಲ್ಲಿ, ನಮ್ಮ ಬಳ್ಳಾರಿಯಲ್ಲಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರನ್ನು ಕರೆಸುವ ಮನೋಚೈತನ್ಯ ಯೋಜನೆ 2014ರಲ್ಲಿ ಆರಂಭವಾಯಿತು. ನಿಮ್ಮ ತಾಲ್ಲೂಕಿನಲ್ಲಿ ವೈದ್ಯರು ಬರುವ ದಿನವನ್ನು ಅಲ್ಲಿಯೇ ವಿಚಾರಿಸಿರಿ. ಬೆಂಗಳೂರಿನ ನಿಮ್ಹಾನ್ಸ್, ಸಂತ ಜಾನರ ವೈದ್ಯಕೀಯ ಕಾಲೇಜು ಆಸ್ಪತ್ರೆ, ಮಂಗಳೂರಿನ ಫಾದರ್ ಮುಲ್ಲರ್ ಆಸ್ಪತ್ರೆಗಳಲ್ಲಿಯೂ ಚಿಕಿತ್ಸೆ ಲಭ್ಯ. ಮನೆಯಿಂದಲೇ ಮಾತನಾಡಬೇಕೆಂದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಹಿರಿಯ ನಾಗರಿಕರ ಇತರ ತೊಂದರೆಗಳಿಗೆ 14567 ಸಂಖ್ಯೆಯಿದೆ.

ತಂದೆತಾಯಿಯ ಕಣ್ಣಿನ ಪೊರೆಗೆ, ಮಂಡಿನೋವಿಗೆ ನಾವು ತಡಮಾಡದೆ ಆಸ್ಪತ್ರೆಗೆ ಓಡುತ್ತೇವೆ. ಅವರ ಭಯಕ್ಕೂ ಅದೇ ಕಾಳಜಿ ಸಲ್ಲಬೇಕು. ಅವರಿಗೆ ಉಳಿದಿರುವ ವರ್ಷಗಳು ಎಷ್ಟೇ ಇರಲಿ, ಅವು ಬಾಗಿಲ ಸಂದಿಯಲ್ಲಿ ನಡುಗುತ್ತಾ ಕಳೆಯುವ ವರ್ಷಗಳಾಗದಿರಲಿ.

ಕುಟುಂಬದಲ್ಲಿ, ಕಿರು ಕ್ರೈಸ್ತ ಸಮುದಾಯದಲ್ಲಿ ಚರ್ಚಿಸಲು

1. ನಮ್ಮ ಮನೆಯ ಹಿರಿಯರು ಕಳೆದ ಒಂದು ವರ್ಷದಲ್ಲಿ ಯಾವ ಯಾವ ಓಡಾಟಗಳನ್ನು ಬಿಟ್ಟಿದ್ದಾರೆ? ಕಾರಣ ಕೇಳಿದ್ದೇವೆಯೇ?
2. ಮನೆಯಲ್ಲಿ ನಿದ್ದೆ ಮಾತ್ರೆ ಇದೆಯೇ? ಯಾವ ವೈದ್ಯರು, ಯಾವಾಗ, ಎಷ್ಟು ದಿನಕ್ಕೆ ಬರೆದುಕೊಟ್ಟದ್ದು?
3. ನಮ್ಮ ಬೀದಿಯಲ್ಲಿ ಬಲಿಪೂಜೆಗೆ ಬರುವುದನ್ನು ನಿಲ್ಲಿಸಿದ ಹಿರಿಯರು ಯಾರು? ಮೊದಲ ಮೆಟ್ಟಿಲಿಗೆ ಅವರ ಜೊತೆ ಯಾರು ನಡೆಯುತ್ತೀರಿ?